ಆಟದ ಸಾಮಾನಿಗೆ ಬಡ್ಡಿ

ಧನವನ್ನು ಬೆಳೆಸುವ ಮಾರ್ಗಗಳು ಲೋಕದಲ್ಲಿ ಹಲವು. ಹೊಲ, ಮನೆ, ಬಂಗಾರ, ಬ್ಯಾಂಕಿನ ಠೇವಣಿ, ಕಂಪೆನಿಗಳ ಷೇರು, ಇವೆಲ್ಲವೂ ನಮ್ಮ ವಾಚಕರಿಗೆ ಪರಿಚಿತವಾದುವೇ. ಕೆಲವು ವರ್ಷಗಳಿಂದ ಈ ಪಟ್ಟಿಗೆ ಹೊಸದೊಂದು ಸೇರಿದೆ. ಅದು ಮಕ್ಕಳ ಆಟದ ಸಾಮಾನು. ಸಣ್ಣ ಸಣ್ಣ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಮನೆ, ಹಡಗು, ಕೋಟೆಗಳನ್ನು ಕಟ್ಟತಕ್ಕ ಪೆಟ್ಟಿಗೆಗಳನ್ನು ಡೆನ್ಮಾರ್ಕಿನ ಲೆಗೋ ಸಂಸ್ಥೆಯವರು ತಯಾರಿಸುತ್ತಾರಷ್ಟೆ. ಅಂಗಡಿಯವರು ಸೋಡಿ ಬಿಟ್ಟಾಗ ಅವುಗಳನ್ನು ಕೊಂಡು, ಒಡೆಯದೆ ಬಚ್ಚಿಟ್ಟು, ಸಂಸ್ಥೆಯು ಅವುಗಳ ತಯಾರಿಕೆಯನ್ನು ನಿಲ್ಲಿಸಿದ ಮೇಲೆ ಹೆಚ್ಚಿನ ಬೆಲೆಗೆ ಮಾರುವುದೇ ಈ ಹೊಸ ಮಾರ್ಗ. ಅಮೇರಿಕ, ಇಂಗ್ಲೆಂಡು ಮುಂತಾದ ದೇಶಗಳಲ್ಲಿ ಎಷ್ಟೋ ಮಂದಿ ವಿದ್ಯಾವಂತ ಗೃಹಸ್ಥರು ಇದರಲ್ಲಿ ತೊಡಗಿದ್ದಾರೆ. ಅಲ್ಲಿ ನೆಲಸಿರುವ ಕನ್ನಡದ ಮನೆಯೊಂದಕ್ಕೂ ಇದು ಕಾಲಿಟ್ಟಿರುವುದನ್ನು ಕಣ್ಣಾರೆ ಕಂಡ ಮೇಲೆ ನಾನು ಸುಮ್ಮನಿರಲಾರೆನು. ಈ ವ್ಯವಹಾರವು ಲೆಕ್ಕಕ್ಕೆ ನಿಲ್ಲತಕ್ಕದ್ದಲ್ಲ. ನಿಂತರೂ ತಂದೆತಾಯಿಗಳು ಮಾಡತಕ್ಕದ್ದಲ್ಲ. ಇವೆರಡೇ ನನ್ನ ಪ್ರತಿಜ್ಞೆಗಳು.

ಕಳೆದ ವರ್ಷ ನನ್ನ ತಮ್ಮನ ಮಗನನ್ನು ನೋಡುವುದಕ್ಕಾಗಿ ನಾನು ಅಮೇರಿಕಕ್ಕೆ ಹೋಗಿದ್ದೆನು. ಆತನು ವಿವೇಕಿ, ಮಿತವ್ಯಯಿ. ಹೆಂಡತಿ ಮಕ್ಕಳಲ್ಲಿ ಅಕ್ಕರೆಯುಳ್ಳವನು. ನನಗೆಂದು ತೆರವು ಮಾಡಿಕೊಟ್ಟಿದ್ದ ಕೋಣೆಯ ಗೋಡೆಯ ಕಪಾಟನ್ನು ತೆರೆದಾಗ, ನೆಲದಿಂದ ಮೇಲಿನ ಹಲಗೆಯವರೆಗೂ ಬಣ್ಣಬಣ್ಣದ ರಟ್ಟಿನ ಪೆಟ್ಟಿಗೆಗಳು ಒತ್ತಾಗಿ ಜೋಡಿಸಲ್ಪಟ್ಟಿದ್ದುವು. ಒಂದೊಂದರ ಮೇಲೂ ಕೊಂಡ ತಾರೀಖು, ಕೊಟ್ಟ ಬೆಲೆ ಬರೆದ ಚೀಟಿ. ಬಾಗಿಲಲ್ಲಿ ನಿಂತಿದ್ದ ಏಳು ವರ್ಷದ ಹುಡುಗನನ್ನು, "ಇದನ್ನೆಲ್ಲ ಯಾವಾಗ ಕಟ್ಟುತ್ತೀ ಮಗು?" ಎಂದು ಕೇಳಿದೆನು. ಹುಡುಗನು ನನ್ನ ಅಜ್ಞಾನಕ್ಕೆ ಮರುಕಪಟ್ಟವನಂತೆ, "ಇವು ಕಟ್ಟೋದಲ್ಲ ತಾತ, ಬೆಳೆಯೋದು" ಎಂದನು. ರಾತ್ರಿ ಅವನ ತಂದೆಯೊಡನೆ ಈ ಮಾತೆತ್ತಿದಾಗ, "ಎಲ್ಲ ಅವನ ಕಾಲೇಜಿನ ಖರ್ಚಿಗೇ ದೊಡ್ಡಪ್ಪ, ಅವನ ಹೆಸರಿನಲ್ಲೇ ಇಟ್ಟಿದ್ದೇನೆ" ಎಂದನು. ಅವನ ಹೆಸರಿನಲ್ಲಿ ಇಟ್ಟಿದ್ದುದು ನಿಜ. ಅವನ ಕೈಗೆ ಎಟುಕದಂತೆ ಇಟ್ಟಿದ್ದುದೂ ನಿಜ.

ಈ ಆಟಿಕೆಯ ಜನ್ಮವೃತ್ತಾಂತವನ್ನು ಬಲ್ಲವರಿಗೆ ಆ ಕಪಾಟು ಇನ್ನಷ್ಟು ವಿಪರೀತವಾಗಿ ತೋರುವುದು. ಬಿಲ್ಲುಂಡ್ ಎಂಬ ಹಳ್ಳಿಯ ಬಡಗಿ ಓಲೆ ಕರ್ಕ್ ಕ್ರಿಸ್ಟಿಯಾನ್ಸನ್ ಎಂಬಾತನು ಲೋಕವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿದ್ದ ೧೯೩೨ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದನು. ೧೯೩೪ರಲ್ಲಿ ತನ್ನ ಕಸುಬಿಗೆ ಆತನು ಇಟ್ಟ ಹೆಸರು, ಡೇನಿಷ್ ಭಾಷೆಯಲ್ಲಿ "ಚೆನ್ನಾಗಿ ಆಡು" ಎಂಬ ಅರ್ಥದ ಎರಡು ಮಾತುಗಳಿಂದ ಹುಟ್ಟಿದುದು. ಮರದ ಬಾತುಕೋಳಿಗಳಿಗೆ ಮೂರು ಸಲ ಬಳಿಯಬೇಕಾದ ಮೆರುಗನ್ನು ಎರಡೇ ಸಲ ಬಳಿದು ಹಣ ಉಳಿಸಿದೆನೆಂದು ಹಿಗ್ಗಿದ ಮಗ ಗಾಟ್‌ಫ್ರೆಡನನ್ನು ಆತನು ಗದರಿ, ರೈಲು ನಿಲ್ದಾಣದಿಂದ ಸರಕನ್ನು ಹಿಂದಕ್ಕೆ ತರಿಸಿ, ಮೂರನೆಯ ಸಲವೂ ಬಳಿಯಿಸಿದನೆಂದು ಆ ಸಂಸ್ಥೆಯವರೇ ಹೇಳಿಕೊಳ್ಳುತ್ತಾರೆ. ಈಗ ನಾವು ಕಾಣುವ ಪ್ಲಾಸ್ಟಿಕ್ ಇಟ್ಟಿಗೆಯ ಪೇಟೆಂಟಿಗೆ ಅರ್ಜಿ ಹೋದುದು ೧೯೫೮ರ ಜನವರಿ ೨೮ರಂದು. ಆ ವರ್ಷದ ಇಟ್ಟಿಗೆಯು ಇಂದಿನ ಇಟ್ಟಿಗೆಗೆ ಈಗಲೂ ಸರಿಯಾಗಿ ಕೂಡುವುದು. ಎಂಟು ಗುಬಟುಗಳಿರುವ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಕೊಟ್ಟರೆ ಅವನ್ನು ೯೧,೫೧,೦೩,೭೬೫ ಬಗೆಗಳಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕಹಾಕಿರುವರು. ಆರು ಇಟ್ಟಿಗೆಗಳಿಂದ ತೊಂಬತ್ತೊಂದು ಕೋಟಿ ರೂಪಗಳು! ಸಾವಿರಾರು ಇಟ್ಟಿಗೆಗಳಿರುವ ಮುಚ್ಚಿದ ಪೆಟ್ಟಿಗೆಗಾದರೋ ಒಂದೇ ರೂಪ. ಅದು ಪೆಟ್ಟಿಗೆಯ ರೂಪ.

ವ್ಯವಹಾರದ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸಂಸ್ಥೆಯು ಒಂದೊಂದು ಮಾದರಿಯನ್ನು ಸಾಮಾನ್ಯವಾಗಿ ಎರಡು ಮೂರು ವರ್ಷ ಮಾಡಿ ನಿಲ್ಲಿಸಿಬಿಡುವುದು. ನಿಲ್ಲುವ ಕಾಲ ಹತ್ತಿರವಾದಂತೆ ಅಂಗಡಿಗಳವರು ದಾಸ್ತಾನನ್ನು ಕರಗಿಸಲು ಬೆಲೆ ಇಳಿಸುವರು. ಯಾವುದು ಎಂದು ನಿಲ್ಲುವುದೆಂಬ ಪಟ್ಟಿಗಳು ವ್ಯವಹಾರಿಗಳ ನಡುವೆ ಕೈಯಿಂದ ಕೈಗೆ ಸಾಗುತ್ತವೆ. ಆಗ ಒಂದೊಂದು ಬಗೆಯಲ್ಲಿ ಐದು, ಹತ್ತು ಪೆಟ್ಟಿಗೆಗಳನ್ನು ಕೊಂಡು, ಮೂಲೆ ಮುರುಟದಂತೆ, ಬಿಸಿಲು ತಾಗದಂತೆ ಕಾಪಾಡಿ, ಮೂರು ನಾಲ್ಕು ವರ್ಷಗಳ ತರುವಾಯ ಅಂತರಜಾಲದ ಸಂತೆಯಲ್ಲಿ ಮಾರುವುದು. ರಟ್ಟಿನ ಮುದ್ರೆ ಒಡೆದರೆ ಬೆಲೆ ಬಿತ್ತು. ಆದುದರಿಂದ ಈ ವ್ಯಾಪಾರದ ಮೊದಲನೆಯ ಸೂತ್ರವು ಯಾರೂ ಆಡಕೂಡದು ಎಂಬುದು.

ಈಗ ಪೂರ್ವಪಕ್ಷವನ್ನು ಕೇಳೋಣ. ಮಾಸ್ಕೋ ನಗರದ ಉನ್ನತ ಅರ್ಥಶಾಸ್ತ್ರ ವಿದ್ಯಾಲಯದ ಸಂಶೋಧಕರು ೧೯೮೭ರಿಂದ ೨೦೧೫ರವರೆಗಿನ ೨,೩೨೨ ಪೆಟ್ಟಿಗೆಗಳ ಮರುಮಾರಾಟದ ಬೆಲೆಗಳನ್ನು ಪರಿಶೀಲಿಸಿ, ಸರಾಸರಿಯಲ್ಲಿ ವರ್ಷಕ್ಕೆ ನೂರಕ್ಕೆ ೧೧ರಂತೆ ಏರಿಕೆಯಾಗಿರುವುದೆಂದು ತೋರಿಸಿರುವರು. ೨೦೨೨ರಲ್ಲಿ ಅಚ್ಚಾದ ಈ ಪ್ರಬಂಧವೇ ಇಂದು ಆ ವ್ಯವಹಾರಿಗಳಿಗೆ ವೇದವಾಕ್ಯವಾಗಿದೆ. ಬಂಗಾರಕ್ಕಿಂತಲೂ ಪ್ಲಾಸ್ಟಿಕ್ ಮೇಲೆಂದು ಅವರು ಸಾರುತ್ತಾರೆ. ವಿದ್ವಾಂಸರ ಶ್ರಮವನ್ನು ನಾನು ಅಲ್ಲಗಳೆಯುವುದಿಲ್ಲ. ಅದನ್ನು ಪೂರ್ತಿಯಾಗಿ ಓದಿರೆಂದು ಮಾತ್ರ ಬೇಡುತ್ತೇನೆ. ಅದೇ ಪ್ರಬಂಧದ ಪ್ರಕಾರ ಕೆಲವು ಪೆಟ್ಟಿಗೆಗಳು ವರ್ಷಕ್ಕೆ ನೂರಕ್ಕೆ ೬೦೦ರಷ್ಟು ಏರಿದುವು. ಕೆಲವು ನೂರಕ್ಕೆ ೫೦ರಷ್ಟು ಇಳಿದುವು. ಯಾವುದು ಏರುವುದು, ಯಾವುದು ಇಳಿಯುವುದು ಎಂಬುದು ಕೊಳ್ಳುವ ದಿನ ಯಾವ ರಟ್ಟಿನ ಮೇಲೂ ಬರೆದಿರುವುದಿಲ್ಲ. ಮತ್ತು ಆ ಲೆಕ್ಕವು ೨೦೧೫ಕ್ಕೆ ನಿಂತಿತು. ಆಗ ಪೆಟ್ಟಿಗೆಗಳನ್ನು ಬಚ್ಚಿಡುತ್ತಿದ್ದವರು ಕೆಲವರು. ಆ ಲೆಕ್ಕವನ್ನು ಓದಿ ಬಚ್ಚಿಡತೊಡಗಿದವರು ಹಲವರು. ವಿರಳವಾಗಿದ್ದುದರಿಂದ ಬೆಲೆ ಬಂದ ವಸ್ತುವನ್ನು ಊರಿಗೆ ಊರೇ ಬಚ್ಚಿಟ್ಟರೆ ಅದು ವಿರಳವಾಗಿ ಉಳಿಯುವುದೆಂತು?

ಮಾಸ್ಕೋವಿನವರ ಲೆಕ್ಕವು ಬೆಲೆಯ ಏರಿಕೆಯದು. ಮನೆಯ ಯಜಮಾನನ ಲೆಕ್ಕವು ಕೈಗೆ ಬಂದ ಹಣದ್ದಾಗಿರಬೇಕು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನೂರು ಡಾಲರಿನ ಪೆಟ್ಟಿಗೆಯನ್ನು ಸೋಡಿಯಲ್ಲಿ ಎಂಬತ್ತಕ್ಕೆ ಕೊಂಡು, ನಾಲ್ಕು ವರ್ಷ ಕಾದು, ನೂರ ಮೂವತ್ತಕ್ಕೆ ಮಾರಿದೆವೆನ್ನಿ. ಮಾರಿಸಿಕೊಟ್ಟವರ ದಳ್ಳಾಳಿ ಸುಮಾರು ಎಂಟರಲ್ಲೊಂದು ಪಾಲು, ಎಂದರೆ ಹದಿನಾರು ಡಾಲರು. ಭಾರಿ ಪೆಟ್ಟಿಗೆಯನ್ನು ಭದ್ರವಾಗಿ ಕಟ್ಟಿ ಕಳುಹಿಸುವ ಖರ್ಚು ಹದಿನೈದು. ಉಳಿದುದು ತೊಂಬತ್ತೊಂಬತ್ತು, ಲಾಭ ಹತ್ತೊಂಬತ್ತು. ಚಕ್ರಬಡ್ಡಿಯ ಲೆಕ್ಕದಲ್ಲಿ ಇದು ವರ್ಷಕ್ಕೆ ನೂರಕ್ಕೆ ಐದೂವರೆಯಷ್ಟಾಯಿತು. ಕಪಾಟಿನ ಜಾಗಕ್ಕೆ ಬಾಡಿಗೆ ಇಲ್ಲ, ಅಂಗಡಿಯಿಂದ ಅಂಗಡಿಗೆ ಅಲೆದ ಭಾನುವಾರಗಳಿಗೆ ಕೂಲಿಯಿಲ್ಲ. ನೆಲಮಾಳಿಗೆಗೆ ನೀರು ನುಗ್ಗಿದರೆ, ರಟ್ಟಿಗೆ ಹುಳು ಹಿಡಿದರೆ, ಒಳಗಿನ ಅಂಟುಚೀಟಿಗಳು ಒಣಗಿದರೆ ಮೂಲಧನಕ್ಕೇ ಮೋಸ. ಸರಕು ಕೊಂಡು, ಕಾದು, ಕಟ್ಟಿ, ಕಳುಹಿಸಿ, ಗಿರಾಕಿಯ ದೂರು ಕೇಳುವುದಕ್ಕೆ ನಮ್ಮ ಹಿರಿಯರು ಅಂಗಡಿಯೆಂದು ಹೆಸರಿಟ್ಟಿದ್ದರು. ಅಂಗಡಿ ಇಡುವುದು ಗೌರವದ ಕಸುಬೇ. ಆದರೆ ಅಂಗಡಿಯವನು ತನ್ನ ದುಡಿಮೆಯನ್ನು ಬಡ್ಡಿಯೆಂದು ಎಣಿಸಿ ತನ್ನನ್ನು ತಾನೇ ವಂಚಿಸಿಕೊಳ್ಳುವುದಿಲ್ಲ.

ಇದಕ್ಕೂ ಮಿಗಿಲಾದ ಭಯವೊಂದುಂಟು. ಬಂಗಾರವನ್ನು ಯಾವ ಕಾರ್ಖಾನೆಯೂ ಅಚ್ಚು ಹಾಕಲಾರದು. ಇಟ್ಟಿಗೆಯ ಅಚ್ಚು ಕಾರ್ಖಾನೆಯಲ್ಲೇ ಇರುವುದು. ೨೦೦೮ರಲ್ಲಿ ಲೆಗೋದವರು ನಮ್ಮ ತಾಜಮಹಲಿನ ಪ್ರತಿರೂಪವೊಂದನ್ನು ೫,೯೨೨ ತುಂಡುಗಳಲ್ಲಿ ಮಾಡಿ ಸುಮಾರು ೩೦೦ ಡಾಲರಿಗೆ ಮಾರಿದರು. ಅದರ ತಯಾರಿಕೆ ನಿಂತ ಮೇಲೆ ಮುಚ್ಚಿದ ಪೆಟ್ಟಿಗೆಯೊಂದರ ಬೆಲೆ ಸಾವಿರ ಡಾಲರುಗಳನ್ನು ದಾಟಿತು. ಕೊಳ್ಳದವರು ಕೈಹಿಸುಕಿಕೊಂಡರು, ಕೊಂಡವರು ತಮ್ಮ ದೂರದೃಷ್ಟಿಯನ್ನು ತಾವೇ ಕೊಂಡಾಡಿದರು. ೨೦೧೭ರಲ್ಲಿ ಸಂಸ್ಥೆಯು ಯಾರ ಅಪ್ಪಣೆಯನ್ನೂ ಕೇಳದೆ ಅದೇ ತಾಜಮಹಲನ್ನು ೫,೯೨೩ ತುಂಡುಗಳಲ್ಲಿ ಸುಮಾರು ೩೭೦ ಡಾಲರಿಗೆ ಪುನಃ ಹೊರತಂದಿತು. ಒಂದೇ ಒಂದು ತುಂಡು ಹೆಚ್ಚು. ಹಳೆಯ ಪೆಟ್ಟಿಗೆಗಳ ಬೆಲೆ ಕುಸಿಯಿತು. ಅದೇ ವರ್ಷ, ೨೦೦೭ರ ಪ್ರಸಿದ್ಧವಾದ ಗಗನನೌಕೆಯ ಪೆಟ್ಟಿಗೆಗೂ ಅದಕ್ಕಿಂತ ದೊಡ್ಡದಾದ ಹೊಸ ಅವತಾರ ಬಂದಿತು. ಸಂಸ್ಥೆಯದು ಇದರಲ್ಲಿ ತಪ್ಪೇನೂ ಇಲ್ಲ. ಆಡುವವರಿಗಾಗಿ ಆಟಿಕೆ ಮಾಡುವುದು ಅದರ ಧರ್ಮ. ಕಪಾಟು ಕಾಯುವವರಿಗೆ ಅದು ಯಾವ ಪತ್ರವನ್ನೂ ಬರೆದುಕೊಟ್ಟಿಲ್ಲ.

ಹಿಂದಿನ ದೃಷ್ಟಾಂತವೊಂದು ಅಮೇರಿಕದಲ್ಲೇ ಇದೆ. ೧೯೯೩ರಲ್ಲಿ ಅಲ್ಲಿ "ಬೀನಿ ಬೇಬಿ" ಎಂಬ ಸಣ್ಣ ಬಟ್ಟೆಯ ಗೊಂಬೆಗಳು ಹೊರಟವು. ತಯಾರಕರು ಒಂದೊಂದು ಗೊಂಬೆಯನ್ನು ನಿವೃತ್ತಿಗೊಳಿಸಿದಂತೆಲ್ಲ ಅದರ ಬೆಲೆ ಏರುತ್ತಿತ್ತು. ಮಕ್ಕಳ ಓದಿಗೆಂದು ಅವನ್ನು ರಾಶಿ ಹಾಕಿದ ಸಂಸಾರಗಳಿದ್ದುವು. ೧೯೯೯ರಲ್ಲಿ ವಿಚ್ಛೇದನ ಪಡೆದ ದಂಪತಿಗಳಿಬ್ಬರು ನ್ಯಾಯಾಲಯದ ನೆಲದ ಮೇಲೆ ಕುಕ್ಕರಿಸಿ ಕುಳಿತು ಗೊಂಬೆಗಳನ್ನು ಪಾಲು ಹಂಚಿಕೊಂಡ ಚಿತ್ರವು ಪತ್ರಿಕೆಗಳಲ್ಲಿ ಬಂದಿತು. ಅದಾದ ಸ್ವಲ್ಪ ಕಾಲದಲ್ಲೇ ಬೆಲೆ ಬಿದ್ದುಹೋಗಿ, ರಾಶಿಯು ರಾಶಿಯಾಗಿಯೇ ಉಳಿಯಿತು. ಲೆಗೋ ಇಟ್ಟಿಗೆಯು ಆ ಗೊಂಬೆಗಿಂತ ಗಟ್ಟಿಯಾದ ವಸ್ತುವೆಂಬುದನ್ನು ಒಪ್ಪುತ್ತೇನೆ. ಲೋಭವು ಮಾತ್ರ ಎರಡೂ ಕಡೆ ಒಂದೇ ಎರಕದ್ದು. ಆಟಿಕೆಯು ಬಂಗಾರವಾದ ಕಡೆ ಕಳ್ಳನೂ ಬರುವನು. ೨೦೨೪ರಲ್ಲಿ ಲಾಸ್ ಏಂಜಲೀಸಿನ ಪೊಲೀಸರು ಕದ್ದ ಲೆಗೋ ಪೆಟ್ಟಿಗೆಗಳನ್ನು ೨,೮೦೦ಕ್ಕೂ ಹೆಚ್ಚಾಗಿ ವಶಪಡಿಸಿಕೊಂಡರು. ನಮ್ಮ ದೇಶದಲ್ಲಿದ್ದುಕೊಂಡು ಇದನ್ನು ಅನುಕರಿಸಹೊರಡುವವರಿಗೆ ಇನ್ನೊಂದು ಮಾತು: ಸರ್ಕಾರವು ಆಟಿಕೆಗಳ ಆಮದು ಸುಂಕವನ್ನು ೨೦೨೦ರಲ್ಲಿ ನೂರಕ್ಕೆ ೨೦ರಿಂದ ೬೦ಕ್ಕೂ, ೨೦೨೩ರಲ್ಲಿ ೭೦ಕ್ಕೂ ಏರಿಸಿತು. ಅಂತಹ ಸುಂಕವನ್ನು ತೆತ್ತು ಕೊಂಡು ಪರದೇಶದವರೊಡನೆ ಲಾಭಕ್ಕೆ ಪೈಪೋಟಿ ಮಾಡುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಲೆಕ್ಕದ ಮಾತು ಇಷ್ಟಾಯಿತು. ಲಾಭವೇ ಆಗುವುದೆಂದು ಒಪ್ಪಿಕೊಂಡು ಎರಡನೆಯ ಮಾತಿಗೆ ಬರೋಣ. ಮುಚ್ಚಿದ ಪೆಟ್ಟಿಗೆಗೆ ಬೆಲೆ ಬರುವುದು ಎಲ್ಲಿಂದ? ಉಳಿದ ಮಕ್ಕಳು ತಮ್ಮ ಪೆಟ್ಟಿಗೆಗಳ ಮುದ್ರೆಯೊಡೆದು, ರಟ್ಟನ್ನು ಹರಿದು, ತುಂಡುಗಳನ್ನು ಮಂಚದ ಕೆಳಗೆ ಚೆಲ್ಲಿ, ಕಟ್ಟಿ, ಕೆಡವಿ, ಮತ್ತೆ ಕಟ್ಟಿ, ಬೆಳೆದು ದೊಡ್ಡವರಾದ ಮೇಲೆ ಆ ಮಧ್ಯಾಹ್ನಗಳನ್ನು ನೆನೆದು ಹಂಬಲಿಸುವುದರಿಂದ. ಪೆಟ್ಟಿಗೆಯನ್ನು ವಿರಳವಾಗಿಸಿದುದು ಅವರ ಆಟ. ಅದಕ್ಕೆ ಗಿರಾಕಿಯನ್ನು ಒದಗಿಸಿದುದು ಅವರ ನೆನಪು. ನಿಧಿ ಕಾಯುವ ಸರ್ಪದಂತೆ ಕಪಾಟಿನ ಮುಂದೆ ಕುಳಿತವನು ಪಡೆಯುವುದು ಪರರ ಮಕ್ಕಳ ಸುಖದ ಮೇಲಿನ ಬಡ್ಡಿಯನ್ನು. ಅದಕ್ಕಾಗಿ ಒತ್ತೆಯಿಟ್ಟಿರುವುದು ತನ್ನ ಮಗುವಿನ ಸುಖವನ್ನು. ಎಲ್ಲ ತಂದೆಗಳೂ ಅವನಷ್ಟೇ ಜಾಣರಾದರೆ ಇಪ್ಪತ್ತು ವರ್ಷಗಳ ತರುವಾಯ ಆ ಪೆಟ್ಟಿಗೆಯನ್ನು ನೆನೆದು ಹಂಬಲಿಸುವವರು ಯಾರಿರುವರು? ಎಲ್ಲರೂ ಆಚರಿಸಿದೊಡನೆ ನಾಶವಾಗತಕ್ಕ ನೀತಿಯು ನೀತಿಯೆನಿಸದು.

ನಮ್ಮ ಮನೆಗಳಲ್ಲಿಯೂ ಪಟ್ಟದ ಗೊಂಬೆಗಳನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುವುದಿಲ್ಲವೇ ಎಂದು ಕೆಲವರು ಕೇಳಬಹುದು. ಇಡುತ್ತೇವೆ, ನವರಾತ್ರಿ ಬಂದೊಡನೆ ಮಕ್ಕಳ ಕೈಯಿಂದಲೇ ಹೊರತೆಗೆಸುತ್ತೇವೆ. ತಾಯಿಯಿಂದ ಮಗಳಿಗೆ ಬರುವ ಆ ಗೊಂಬೆಗಳಿಗೆ ಯಾರೂ ಬೆಲೆ ಕಟ್ಟುವುದಿಲ್ಲ, ಏಕೆಂದರೆ ಅವನ್ನು ಯಾರೂ ಮಾರುವುದಿಲ್ಲ. ಮತ್ತೆ ಕೆಲವರು, ಹಳೆಯ ಮಾದರಿಗಳನ್ನು ಕಾಪಾಡಿ ಮುಂದಿನವರಿಗೆ ಒದಗಿಸುವುದು ಲೋಕೋಪಕಾರವೇ ಎನ್ನುವರು. ಈ ವಾದದಲ್ಲಿ ಸ್ವಲ್ಪ ಸತ್ಯಾಂಶವಿದೆ. ತಪ್ಪಿಹೋದ ಬಾಲ್ಯದ ಆಟಿಕೆಯನ್ನು ಅರಸುತ್ತ ಬರುವ ಗಿರಾಕಿಗೆ ಅದನ್ನು ಯಾರಾದರೂ ಇಟ್ಟಿರಲೇಬೇಕು. ವ್ಯಾಪಾರಿಯು ಅದನ್ನು ಇಡಲಿ; ಪ್ರೀತಿಯಿಂದ ಕೂಡಿಡುವ ಸಂಗ್ರಾಹಕನೂ ಇಡಲಿ. ನನ್ನ ಜಗಳವು ಅವರೊಡನೆ ಅಲ್ಲ. ಆಟಕ್ಕೆ ಹಂಬಲಿಸುವ ಮಗುವಿನ ಕಣ್ಣೆದುರಿಗೆ, ಆ ಮಗುವಿನ ಹೆಸರಿನಲ್ಲಿಯೇ ಆಟಿಕೆಗೆ ಬೀಗ ಹಾಕುವ ಗೃಹಸ್ಥನೊಡನೆ.

ಉಳಿತಾಯಕ್ಕೆ ಬ್ಯಾಂಕುಂಟು, ಸರ್ಕಾರದ ಸಾಲಪತ್ರಗಳುಂಟು, ಹತ್ತಾರು ನಿಧಿಗಳುಂಟು. ಅವುಗಳ ಮೇಲೆ ಮಕ್ಕಳ ಕಣ್ಣು ಬೀಳುವುದಿಲ್ಲ, ಅವುಗಳಿಂದ ಮಕ್ಕಳ ಮನಸ್ಸು ನೋಯುವುದೂ ಇಲ್ಲ. ಸೋಡಿಯಲ್ಲಿ ಪೆಟ್ಟಿಗೆ ಸಿಕ್ಕರೆ ಧಾರಾಳವಾಗಿ ಕೊಳ್ಳಿರಿ. ಆದರೆ ಒಂದನ್ನು ಕೊಳ್ಳಿರಿ, ಅಂದೇ ಒಡೆಯಿರಿ. ಏಳನೆಯ ವಯಸ್ಸೆಂಬುದೂ ತಯಾರಿಕೆ ನಿಂತುಹೋಗತಕ್ಕ ಸರಕು. ಅದನ್ನು ಯಾವ ಸಂಸ್ಥೆಯೂ ಪುನಃ ಹೊರತರುವುದಿಲ್ಲ. ನಾನು ಊರಿಗೆ ಹೊರಡುವ ಹಿಂದಿನ ದಿನ ತಮ್ಮನ ಮಗನಿಗೆ ಇಷ್ಟನ್ನೇ ಹೇಳಿದೆನು. ಆತನು ಬಹಳ ಹೊತ್ತು ಸುಮ್ಮನಿದ್ದು, "ಒಂದನ್ನು ಇಳಿಸಿಕೊಡುತ್ತೇನೆ ದೊಡ್ಡಪ್ಪ" ಎಂದನು. ಹುಡುಗನು ಬಹುಕಾಲ ಯೋಚಿಸಿ, ಎಲ್ಲಕ್ಕಿಂತ ಸಣ್ಣದಾದ ಪೆಟ್ಟಿಗೆಯನ್ನು ಆರಿಸಿಕೊಂಡನು. ದೊಡ್ಡದನ್ನು ಕೇಳುವ ಧೈರ್ಯ ಆ ಮಗುವಿನಲ್ಲಿ ಉಳಿದಿರಲಿಲ್ಲ. ಆ ನಷ್ಟವನ್ನು ಯಾವ ಚೀಟಿಯ ಮೇಲೆ ಬರೆಯುವುದೆಂಬುದನ್ನು ಲೆಕ್ಕ ಬಲ್ಲವರು ಹೇಳಲಿ.