ಸುದ್ದಿ ಬರೆಯುವ ಕೈ ಯಾರದು?

ಪಿ.ಯು.ಸಿ. ಮುಗಿಸಿದ ಮಗಳು "ಪತ್ರಿಕೋದ್ಯಮ ಕಲಿಯುತ್ತೇನೆ" ಎಂದರೆ, ಬಂಟ್ವಾಳದ ಬೀಡಿ ಕಟ್ಟುವ ತಾಯಿ ಮೊದಲು ಕೇಳುವುದು, "ಅದರಿಂದ ಹೊಟ್ಟೆ ತುಂಬೀತೇ ಮಗಾ?" ಎಂದು. ಬೆಳ್ತಂಗಡಿಯ ಸಣ್ಣ ಅಂಗಡಿಕಾರನ ಮನೆಯಲ್ಲೂ, ಮೂಡುಬಿದಿರೆಯ ಕೂಲಿಕಾರನ ಮನೆಯಲ್ಲೂ ಇದೇ ಪ್ರಶ್ನೆ. ಪ್ರಶ್ನೆ ತಪ್ಪಲ್ಲ. ಆದರೆ ಅದರ ಜೊತೆಗೆ ಇನ್ನೊಂದನ್ನೂ ನಾವು ಕೇಳಿಕೊಳ್ಳಬೇಕಾಗಿದೆ: ನಮ್ಮ ಮಕ್ಕಳು ಈ ವಿದ್ಯೆ ಕಲಿಯದಿದ್ದರೆ ನಮ್ಮ ಸುದ್ದಿಯನ್ನು ಬರೆಯುವವರು ಯಾರು?

ಪತ್ರಿಕೆ ಈ ಜಿಲ್ಲೆಗೆ ಹೊಸತಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಟದ್ದು ಮಂಗಳೂರಿನಿಂದಲೇ. ಆದರೆ ಈ ಕಸುಬು ಬಹುಕಾಲ ಪತ್ರಿಕಾಲಯದೊಳಗೆ ಕಾಲಿಡಲು ಸಾಧ್ಯವಾದವರಿಗಷ್ಟೇ ದಕ್ಕುತ್ತಿತ್ತು. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಪತ್ರಿಕೋದ್ಯಮ ಪದವಿ ತರಗತಿಯ ವಿಷಯವಾಯಿತು. ಯಾರ ಮನೆಯ ಹುಡುಗನಾದರೂ ಸಾರ್ವಜನಿಕ ಕಾಲೇಜಿನ ಬೆಂಚಿನ ಮೇಲೆ ಕುಳಿತು ಇದನ್ನು ಕಲಿಯಬಹುದೆಂಬುದೇ ಅದರ ಅರ್ಥ. 1980ರಲ್ಲಿ ಕೊಣಾಜೆಯಲ್ಲಿ ನಮ್ಮದೇ ವಿಶ್ವವಿದ್ಯಾನಿಲಯವೂ ಆಯಿತು.

ಇಂದಿನ ಸ್ಥಿತಿ ನೋಡೋಣ. ಉಜಿರೆಯಲ್ಲೂ ಮೂಡುಬಿದಿರೆಯಲ್ಲೂ ಖಾಸಗಿ ಆಡಳಿತದ ಕಾಲೇಜುಗಳು ಈ ವಿಷಯವನ್ನು ಕಲಿಸುತ್ತಿವೆ. ಕಲಿಸಲಿ, ಸಂತೋಷ. ಆದರೆ ಬಡವರ ಮಕ್ಕಳ ಹಕ್ಕು ಇರುವುದು ಸರಕಾರಿ ಕಾಲೇಜಿನಲ್ಲಿ. ರಾಜ್ಯದ ಸರಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ದುಡಿಮೆಯಿಂದ. ಕೆಲಸ ಖಾಯಂ ಮಾಡಿರೆಂದು ಅವರು 2023ರಲ್ಲಿ ಮುಷ್ಕರ ಹೂಡಬೇಕಾಯಿತು. ಪಠ್ಯಕ್ರಮದ ಪಾಡೂ ಅಷ್ಟೆ. 2021ರಲ್ಲಿ ನಾಲ್ಕು ವರ್ಷದ ಪದವಿ ತಂದರು, 2024ರಲ್ಲಿ ಮರಳಿ ಮೂರು ವರ್ಷಕ್ಕೆ ಇಳಿಸಿದರು. ಇದರ ಮೇಲೆ ಮಂಗಳೂರು ವಿಶ್ವವಿದ್ಯಾನಿಲಯದ ಹಣದ ಮುಗ್ಗಟ್ಟು ಬೇರೆ. ಹಣ ಸಾಲದಾಗ "ವಿದ್ಯಾರ್ಥಿಗಳು ಕಡಿಮೆ" ಎಂಬ ನೆಪದಿಂದ ಕತ್ತರಿ ಬೀಳುವುದು ಇಂತಹ ವಿಷಯಗಳ ಮೇಲೆಯೇ ಎಂಬ ಭಯ ನಮಗಿದೆ.

ಬಿದ್ದರೆ ನಷ್ಟ ಯಾರಿಗೆ? ಕಲ್ಲಡ್ಕದಲ್ಲಿ ಹೆದ್ದಾರಿಯ ಕೆಲಸ ವರ್ಷಗಟ್ಟಲೆ ಎಳೆದಾಗ ಧೂಳು, ಕೆಸರು ತಿಂದು ಕುಳಿತವನು ಅಂಗಡಿಕಾರ. ತುಟ್ಟಿಭತ್ಯೆಗಾಗಿ ಬಿಸಿಲಿನಲ್ಲಿ ಧರಣಿ ಕುಳಿತವಳು ಬೀಡಿ ಕಾರ್ಮಿಕಳು. ಗುತ್ತಿಗೆಯ ಕರಾರು ಏನು, ಆಗಬೇಕಾದ ಕೂಲಿ ಎಷ್ಟು, 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಯಾವ ಕಾಗದ ಕೇಳಬೇಕು ಎಂದು ಬಲ್ಲ ವರದಿಗಾರ ಬೇಕು. ಮಂತ್ರಿಗಳ ಭಾಷಣ ಬರೆದುಕೊಳ್ಳಲು ಪದವಿ ಬೇಡ. ಲೆಕ್ಕ ಕೇಳಲು ತರಬೇತಿ ಬೇಕು.

"ಪದವಿ ಇಲ್ಲದೆಯೇ ದೊಡ್ಡ ಪತ್ರಕರ್ತರಾದವರಿಲ್ಲವೇ?" ಎನ್ನುವವರಿದ್ದಾರೆ. ಇದ್ದಾರೆ, ನಿಜ. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಲ್ಲಿ 'ಮುಂಗಾರು' ದಿನಪತ್ರಿಕೆ ಆರಂಭಿಸಿ ಹಳ್ಳಿಯ ತರುಣರ ಕೈಗೆ ಲೇಖನಿ ಕೊಟ್ಟರು. ಆ ಪತ್ರಿಕೆಯೇ ಒಂದು ಪಾಠಶಾಲೆಯಾಗಿತ್ತು. ಇಂದು 'ಮುಂಗಾರು' ಇಲ್ಲ. ಆದುದರಿಂದಲೇ ಆ ಕೆಲಸವನ್ನು ಸಾರ್ವಜನಿಕ ಕಾಲೇಜು ಮಾಡಬೇಕು ಎನ್ನುತ್ತೇವೆ.

ಇನ್ನು ತಾಯಿಯ ಪ್ರಶ್ನೆಗೆ ಬರೋಣ. ಪತ್ರಕರ್ತರ ದುಡಿಮೆಯ ರಕ್ಷಣೆಗೆಂದು 1955ರಲ್ಲಿ ಕಾಯ್ದೆ ಬಂತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು ಕೇಂದ್ರ ಸರಕಾರ 2011ರಲ್ಲಿ ಒಪ್ಪಿತು. ಸುಪ್ರೀಂ ಕೋರ್ಟು 2014ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೂ ತಾಲೂಕಿನ ಎಷ್ಟೋ ವರದಿಗಾರರಿಗೆ ತಿಂಗಳ ಸಂಬಳವೆಂಬುದಿಲ್ಲ, ಕೈಗೆ ಬರುವುದು ಬಿಡಿಗಾಸು. ಸಾವಿರ ಬೀಡಿಗೆ ಇಷ್ಟೆಂದು ಎಣಿಸುವ ತಾಯಿಯ ಕಷ್ಟವೂ, ಸುದ್ದಿಗೆ ಇಷ್ಟೆಂದು ಎಣಿಸುವ ಮಗಳ ಕಷ್ಟವೂ ಒಂದೇ. ಮದ್ದೂ ಒಂದೇ: ಸಂಘಟನೆ. ಕೂಲಿ ಕಡಿಮೆಯೆಂದು ಕಸುಬನ್ನೇ ಉಳ್ಳವರ ಮಕ್ಕಳಿಗೆ ಬಿಟ್ಟುಕೊಡುವುದು ಮದ್ದಲ್ಲ.

ನಮ್ಮ ಬೇಡಿಕೆಗಳು ಇವು. ಕಾಮಾಜೆ, ಬೆಳ್ತಂಗಡಿ ಮೊದಲಾದ ಸರಕಾರಿ ಪದವಿ ಕಾಲೇಜುಗಳಲ್ಲಿ ಈ ವಿಷಯ ಇಲ್ಲದ ಕಡೆ ತೆರೆಯಬೇಕು, ಇರುವ ಕಡೆ ಉಳಿಸಬೇಕು, ಖಾಯಂ ಅಧ್ಯಾಪಕರನ್ನು ನೇಮಿಸಬೇಕು. ಪಾಠವೂ ಪುಸ್ತಕವೂ ಕನ್ನಡದಲ್ಲಿರಬೇಕು. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡುವ ಮಗುವಿಗೆ ಇಂಗ್ಲಿಷು ಅಡ್ಡಗೋಡೆಯಾಗಬಾರದು. ಪತ್ರಿಕಾಲಯದಲ್ಲಿ ತರಬೇತಿಯೆಂದು ದುಡಿಸಿಕೊಂಡರೆ ಭತ್ಯೆ ಕೊಡಬೇಕು. 2023ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಲ್ಲ, ಒಳ್ಳೆಯದು. ಆದರೆ ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ನಮ್ಮ ದಾರಿಗಳಲ್ಲಿ ಕಾಲೇಜಿನ ಹೊತ್ತಿಗೆ ಸರಕಾರಿ ಬಸ್ಸು ಬೇಕು.

ಕಾರ್ಮಿಕ ಬಂಧುಗಳೇ, ವರ್ತಕ ಮಿತ್ರರೇ! ಮಗಳು ಪತ್ರಿಕೋದ್ಯಮ ಕಲಿಯುತ್ತೇನೆಂದರೆ ಬೇಡವೆನ್ನಬೇಡಿರಿ. ಅವಳ ಜೊತೆ ಕಾಲೇಜಿನ ಬಾಗಿಲಿಗೆ ಹೋಗಿರಿ. ಅಲ್ಲಿ ಆ ವಿಷಯವಿಲ್ಲವೆಂದರೆ ಅಲ್ಲಿಂದ ನೇರವಾಗಿ ಶಾಸಕರ ಬಾಗಿಲಿಗೆ ಹೋಗಿರಿ. ನಿಮ್ಮ ಸಂಘ ನಿಮ್ಮೊಡನೆ ಬರುತ್ತದೆ.