ಕರೆಯೋದು ಸರ್ಕಾರ, ಅಪಾಯ ರೋಗಿಯದ್ದು

ಬೊಮ್ಮಸಂದ್ರದ ಲಾಡ್ಜೊಂದರಲ್ಲಿ ಢಾಕಾದ ಯುವಕನೊಬ್ಬ ಸಿಕ್ಕಿದ್ದ. ತಂದೆಗೆ ಹೃದಯದ ಆಪರೇಷನ್. ಪ್ಯಾಕೇಜಿನಲ್ಲಿ ಹೇಳಿದ ದಿನಗಳು ಮುಗಿದಿದ್ದವು, ತಂದೆ ಇನ್ನೂ ಐಸಿಯುನಲ್ಲಿದ್ದರು. "ಇನ್ಶೂರೆನ್ಸ್ ಇಲ್ವಾ?" ಅಂದೆ. ಇತ್ತು, ಆದರೆ ಅದು ಪ್ರಯಾಣ ವಿಮೆ.

ಎಡವಟ್ಟಾಗೋದೇ ಇಲ್ಲಿ. ಸಾಮಾನ್ಯ ಪ್ರಯಾಣ ವಿಮೆ ದಾರಿಯಲ್ಲಿ ಆಗುವ ಅಪಘಾತ, ಹಠಾತ್ ಕಾಯಿಲೆಗೆ ಮಾತ್ರ. ಯಾವ ಚಿಕಿತ್ಸೆಗೆಂದೇ ವಿಮಾನ ಹತ್ತಿದರೋ ಅದನ್ನೂ, ಅದರಿಂದಾಗುವ ತೊಡಕನ್ನೂ ಅದು ಹೊರಗಿಡುತ್ತದೆ. ತೊಡಕುಗಳಿಗೆಂದೇ ಪ್ರತ್ಯೇಕ ಪಾಲಿಸಿಗಳಿವೆ, ಆದರೆ ಅವನ್ನು ಕೊಳ್ಳಬೇಕಾದದ್ದು ಹೊರಡುವ ಮೊದಲೇ. ಅದನ್ನು ಹೇಳುವವರು ಯಾರು? ಏಜೆಂಟನ ಕಮಿಷನ್ ಬರೋದು ಆಸ್ಪತ್ರೆಯಿಂದ.

2025ರ ಕೇಂದ್ರ ಬಜೆಟ್ 'ಹೀಲ್ ಇನ್ ಇಂಡಿಯಾ'ಕ್ಕೆ ಸಲೀಸು ವೀಸಾದ ಭರವಸೆ ಕೊಟ್ಟಿತು. ಮೆಡಿಕಲ್ ವೀಸಾಗೆ ಆಸ್ಪತ್ರೆಯ ಪತ್ರ ಕೇಳುವ ಸರ್ಕಾರ, ತೊಡಕಿನ ವಿಮೆಯನ್ನೂ ಕೇಳಲಿ. ಪ್ರೀಮಿಯಂನಲ್ಲಿ ಆಸ್ಪತ್ರೆಯೂ ಪಾಲು ಕೊಡಲಿ. ಖರ್ಚು ಹೆಚ್ಚುತ್ತದೆ ಅಂತಾರೆ. ಹೆಚ್ಚಲಿ, ಮೊದಲೇ ಗೊತ್ತಾಗುತ್ತದಲ್ಲ.

'ವಿದೇಶಿಯರ ಚಿಂತೆ ನಮಗ್ಯಾಕೆ' ಅನ್ನಬೇಡಿ. 2017ರಲ್ಲಿ ಖಾಸಗಿ ಆಸ್ಪತ್ರೆಗಳ ದರಕ್ಕೆ ಕಡಿವಾಣ ಹಾಕಹೊರಟ ರಾಜ್ಯ ಸರ್ಕಾರ, ವೈದ್ಯರ ಮುಷ್ಕರದ ಮುಂದೆ ಮೆತ್ತಗಾಯಿತು. ಕಲಬುರಗಿಯಿಂದ ಬಂದವರ ಕೈಗೂ ಸಿಗುವುದು ಅದೇ 'ಅಂದಾಜು' ಬಿಲ್ಲು.