ಗೃಹಾರೋಗ್ಯ: ಹಲ್ಲಿನ ತಿರುಳಿಗೆ ರಕ್ಷೆ

ಆಟವಾಡುವ ಹುಡುಗನು ಎಡವಿ ಬಿದ್ದು ಮುಂದಿನ ಹಲ್ಲನ್ನು ಮುರಿದುಕೊಳ್ಳುವುದು ಹೊಸ ಸಂಗತಿಯಲ್ಲ. ಆದರೆ ಮುರಿದ ಜಾಗದ ನಡುವೆ ಕೆಂಪು ಚುಕ್ಕೆಯೊಂದು ಕಂಡುಬಂದರೆ ತಾಯಿತಂದೆಗಳು ಉದಾಸೀನರಾಗಿರಕೂಡದು. ಅದು ಹಲ್ಲಿನ ತಿರುಳು. ರಕ್ತನಾಳಗಳೂ ನರಗಳೂ ಕೂಡಿರುವ ಜೀವಸ್ಥಾನ. ಹಾಲುಹಲ್ಲು ಬಿದ್ದ ಮೇಲೆ ಹುಟ್ಟಿದ ಹಲ್ಲಿನ ಬೇರು ಪೂರ್ಣವಾಗುವುದಕ್ಕೆ ಸುಮಾರು 3 ವರ್ಷ ಬೇಕು. ಅಷ್ಟರೊಳಗೆ ತಿರುಳು ಸತ್ತರೆ ಬೇರಿನ ಬೆಳವಣಿಗೆ ನಿಂತು, ಹಲ್ಲು ದುರ್ಬಲವಾಗಿಯೇ ಉಳಿಯುವುದು. ಆದುದರಿಂದಲೇ ವೈದ್ಯರು ತಿರುಳನ್ನು ತೆಗೆದುಹಾಕದೆ, ಸಾಧ್ಯವಿದ್ದಷ್ಟು ಮುಚ್ಚಿ ಉಳಿಸಲೆಳಸುವರು.

ಮುಚ್ಚುವುದು ಯಾವುದರಿಂದ? 1756ರಲ್ಲಿ ಬರ್ಲಿನ್ ನಗರದ ಫಿಲಿಪ್ ಫಾಫ್ ಎಂಬ ದಂತವೈದ್ಯನು ಚಿನ್ನದ ರೇಕನ್ನು ಹೇಳಿದನು. ಚಿನ್ನಕ್ಕೆ ಮುಚ್ಚುವ ಗುಣವುಂಟೇ ಹೊರತು ಮಾಯಿಸುವ ಗುಣವಿಲ್ಲ. 1920ರಲ್ಲಿ ಹರ್ಮನ್ ಎಂಬ ಜರ್ಮನ್ ವೈದ್ಯನು ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು, ಎಂದರೆ ಶುದ್ಧಿಗೊಳಿಸಿದ ಅರಳಿದ ಸುಣ್ಣವನ್ನು, ದಂತಚಿಕಿತ್ಸೆಗೆ ತಂದನು. ಇದರ ಕ್ಷಾರಗುಣವು ಕ್ರಿಮಿಗಳನ್ನು ಕೊಂದು, ತಿರುಳಿನ ಮೇಲ್ಪದರವನ್ನು ತುಸು ಸುಡುವುದು; ಆ ಗಾಯದ ಕೆಳಗೆ ತಿರುಳು ತಾನೇ ಗಟ್ಟಿಯಾದೊಂದು ಸೇತುವೆಯನ್ನು ಕಟ್ಟಿಕೊಳ್ಳುವುದು. ದೋಷವೇನೆಂದರೆ, ಸುಣ್ಣವು ಕಾಲಕ್ರಮದಲ್ಲಿ ಕರಗುವುದು. ಸೇತುವೆಯಲ್ಲಿಯೂ ಸೂಕ್ಷ್ಮರಂಧ್ರಗಳುಳಿದು ಕ್ರಿಮಿಗಳಿಗೆ ದಾರಿಯಾಗುವುದುಂಟು.

1993ರಲ್ಲಿ ಅಮೆರಿಕದ ಲೋಮ ಲಿಂಡ ವಿಶ್ವವಿದ್ಯಾಲಯದಿಂದ ಎಂ.ಟಿ.ಎ. ಎಂಬ ಪುಡಿಯು ಬೆಳಕಿಗೆ ಬಂದಿತು. ಇದು ಮನೆ ಕಟ್ಟುವ ಪೋರ್ಟ್‌ಲೆಂಡ್ ಸಿಮೆಂಟಿನ ಜಾತಿಗೇ ಸೇರಿದ್ದು. ಎಕ್ಸ್‌ರೇ ಚಿತ್ರದಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡನ್ನು ಬೆರೆಸಿರುವರು. ತೇವದಲ್ಲಿಯೇ ಗಟ್ಟಿಯಾಗುವುದು, ಸುಲಭವಾಗಿ ಕರಗದು. ಗಟ್ಟಿಯಾಗುತ್ತ ತಾನೂ ಸುಣ್ಣವನ್ನೇ ಬಿಡುವುದು. ಇದರಡಿ ಬೆಳೆಯುವ ಸೇತುವೆಯು ಹೆಚ್ಚು ದಟ್ಟವಾದುದು. ಆದರೆ ಪೂರ್ಣ ಗಟ್ಟಿಯಾಗಲು ಸುಮಾರು ಎರಡು ಮುಕ್ಕಾಲು ಗಂಟೆ ಹಿಡಿಯುವುದು; ಬಿಸ್ಮತ್ತಿನ ದೆಸೆಯಿಂದ ಹಲ್ಲು ಕಪ್ಪಾಗುವುದೂ ಉಂಟು. ಆದುದರಿಂದ ಎದುರು ಹಲ್ಲಿಗೆ ಇದು ಅಷ್ಟಾಗಿ ಒಪ್ಪದು. ಆಮೇಲೆ ಬಂದ ಬಯೋಡೆಂಟೀನಿನಲ್ಲಿ ಬಿಸ್ಮತ್ತಿಲ್ಲ. ಸುಮಾರು 12 ನಿಮಿಷಗಳಲ್ಲಿ ಗಟ್ಟಿಯಾಗುವುದು, ಬಣ್ಣ ಕೆಡುವ ಭಯವೂ ಕಡಮೆ. ಈ ಎರಡಕ್ಕೂ ಸುಣ್ಣಕ್ಕಿಂತ ವೆಚ್ಚ ಹೆಚ್ಚು.

ವಸ್ತು ಯಾವುದಾದರೂ ಆಗಲಿ, ಅದು ಕಾವಲುಗಾರ ಮಾತ್ರ. ಸೇತುವೆಯನ್ನು ಕಟ್ಟತಕ್ಕದ್ದು ಜೀವಂತವಾದ ತಿರುಳೇ. ಅದು ಕೊಳೆತ ಮೇಲೆ ಯಾವ ಹೊದಿಕೆಯಿಂದಲೂ ಫಲವಿಲ್ಲ. ಸುಣ್ಣವೆಂಬ ಹೆಸರನ್ನು ಕೇಳಿ ತಾಂಬೂಲದ ಸುಣ್ಣವನ್ನಾಗಲಿ, ನೋವಿಗೆಂದು ಲವಂಗದೆಣ್ಣೆಯನ್ನಾಗಲಿ ಗಾಯಕ್ಕೆ ಹಚ್ಚಬೇಡಿರಿ. ಮುರಿದ ಚೂರು ಸಿಕ್ಕಿದರೆ ನೀರಿನಲ್ಲಿ ಹಾಕಿಕೊಂಡು, ಅಂದೇ ದಂತವೈದ್ಯರಲ್ಲಿಗೆ ಮಗುವನ್ನು ಕರೆದೊಯ್ಯಿರಿ. ನೋವು ನಿಂತಿತೆಂದು ಸುಮ್ಮನಾಗದೆ, ವೈದ್ಯರು ಹೇಳಿದ ದಿನಗಳಲ್ಲಿ ತಪ್ಪದೆ ಮತ್ತೆ ತೋರಿಸಿರಿ. ತಿರುಳು ಸದ್ದಿಲ್ಲದೆಯೂ ಸಾಯುವುದುಂಟು.